ಹಲಗೆಯ ನಡುವಿನ ಡೊಂಕು

ಕಾರ್ಕಳದ ಮರದ ಮಿಲ್ಲಿನಲ್ಲಿ ಭಾವ ಆ ದಿನ ನಾಲ್ಕನೆಯ ಹಲಗೆಯನ್ನೂ ಪಕ್ಕಕ್ಕೆ ಸರಿಸಿದರು. ಭಾವ ಎಂದರೆ ನನ್ನ ಅಕ್ಕನ ಗಂಡ, ತಲೆ ನರೆತ ಬಡಗಿ. ನಾನು ಕೆಲಸ ಕಲಿತದ್ದು ಅವರಿಂದಲೇ. ಕಾಪುವಿನ ಒಂದು ಹೊಸ ಮನೆಯ ಬಾಗಿಲಿಗೆ ನಮಗೆ ಹಲಸಿನ ಹಲಗೆ ಬೇಕಿತ್ತು.

ಹಲಗೆಯ ತುದಿಯನ್ನು ಮುಖದ ಹತ್ತಿರ ಹಿಡಿದು, ಎಡಗಣ್ಣು ಮುಚ್ಚಿ, ಅಂಚಿನುದ್ದಕ್ಕೂ ಬಲಗಣ್ಣು ಓಡಿಸುವುದು ಅವರ ರೂಢಿ.

“ನಡುವೆ ಡೊಂಕು. ಎಲ್ಲವೂ ಡೊಂಕು.”

“ಡೊಂಕು ಹಲಗೆಯಲ್ಲಿಲ್ಲ ಮಾರಾಯ್ರೇ, ನಿಮ್ಮ ಚೌಕಾಸಿಯಲ್ಲಿ ಉಂಟು,” ಎಂದು ಮಿಲ್ಲಿನವರು ನಕ್ಕರು.

ನಾನು ನೋಡಿದೆ. ಹಲಗೆ ನೆಟ್ಟಗಿತ್ತು. ದಾರ ಎಳೆದು ಹಿಡಿದೆ. ದಾರಕ್ಕೂ ಅಂಚಿಗೂ ನಡುವೆ ಸಂದು ಇರಲಿಲ್ಲ.

“ದಾರವೂ ಬಗ್ಗಿ ಉಂಟಲ್ಲ,” ಎಂದರು ಭಾವ.

ಎಳೆದು ಹಿಡಿದ ದಾರ ಬಗ್ಗುವುದಿಲ್ಲ.

“ಭಾವ, ಇನ್ನೊಂದು ಕಣ್ಣಲ್ಲಿ ನೋಡಿ.”

ಬಲಗಣ್ಣು ಮುಚ್ಚಿ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿ. ಮತ್ತೊಮ್ಮೆ ಹಾಗೆಯೇ. “ಎಡಗಣ್ಣಿಗೆ ನೆಟ್ಟಗೆ ಉಂಟು,” ಎಂದು ಹಲಗೆಯನ್ನು ಕೆಳಗಿಟ್ಟರು.

ಮರುದಿನ ಮಣಿಪಾಲದಲ್ಲಿ ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಕಾಗದ ಕೊಟ್ಟು, ಒಂದೊಂದೇ ಕಣ್ಣಿನಿಂದ ಮಧ್ಯದ ಚುಕ್ಕೆ ನೋಡಲು ಹೇಳಿದರು. ಬಲಗಣ್ಣಿಗೆ ಚುಕ್ಕೆಯ ಸುತ್ತಲಿನ ಗೆರೆಗಳು ಬಾಗಿ ಕಂಡವು. ಸ್ಕ್ಯಾನ್ ಮಾಡಿಸಿದ ಮೇಲೆ ಕಾರಣ ತಿಳಿಯಿತು: ಕಣ್ಣಿನ ಒಳಪರದೆಯ ನಟ್ಟನಡುವೆ, ನೇರ ನೋಟಕ್ಕೆ ಬೇಕಾದ ಜಾಗದ ಅಡಿಯಲ್ಲಿ, ಹೊಸ ರಕ್ತನಾಳ ಹುಟ್ಟಿ ನೀರು ಸೋರುತ್ತಿತ್ತು.

“ಎಡಗಣ್ಣು ಸರಿ ಇದ್ದುದರಿಂದ ನಿಮಗೆ ಇಷ್ಟು ದಿನ ಗೊತ್ತಾಗಿಲ್ಲ,” ಎಂದರು ಡಾಕ್ಟರು. “ಬೇಗ ಬಂದಿರಿ. ಇಂಜೆಕ್ಷನ್ ಕೊಟ್ಟು ಇರುವ ನೋಟ ಉಳಿಸಲು ನೋಡೋಣ. ಡೊಂಕು ಪೂರ್ತಿ ಹೋಗುತ್ತದೆಂದು ಹೇಳಲಾರೆ.”

“ಕಣ್ಣಿಗೇ ಚುಚ್ಚುವುದಾ?”

“ಕಣ್ಣಿಗೇ. ಮರಗಟ್ಟಿಸುವ ಔಷಧ ಹಾಕುತ್ತೇವೆ.”

ಭಾವ ನನ್ನ ಕಡೆ ತಿರುಗಿದರು. “ಪರವಾಗಿಲ್ಲ. ನಿನ್ನ ಅಕ್ಕನ ಮಾತು ಚುಚ್ಚಿ ಅಭ್ಯಾಸ ಉಂಟು.”

ಎರಡು ಇಂಜೆಕ್ಷನ್ ಆದರೂ ಆ ಬಲಗಣ್ಣೊಂದರಿಂದಲೇ ನೋಡುವ ಧೈರ್ಯ ಅವರಿಗೆ ಬಂದಿರಲಿಲ್ಲ. ಮೂರನೆಯದಕ್ಕೆ ಕಾಪುವಿನಿಂದ ಮಣಿಪಾಲಕ್ಕೆ ಹೋಗುವಾಗ ಬಸ್ಸು ಉದ್ಯಾವರದಲ್ಲಿ ನಿಂತಿತು. ಭಾವ ಇದ್ದಕ್ಕಿದ್ದಂತೆ ಎಡಗಣ್ಣು ಮುಚ್ಚಿ, ಕಿಟಕಿಯಿಂದ ಒಂದು ಅಂಗಡಿಯ ಬೋರ್ಡಿನತ್ತ ಮುಖ ಮಾಡಿದರು.

ಬೋರ್ಡಿನ ಕೆಳಗೆ ನಿಂತಿದ್ದ ಹೆಂಗಸು ಗದರಿದರು. “ಎಂತ ಅಜ್ಜ, ಈ ಪ್ರಾಯದಲ್ಲಿ ಕಣ್ಣು ಹೊಡೆಯುವುದಾ?”

ಭಾವನಿಗೆ ಅದು ಕೇಳಿಸಲೇ ಇಲ್ಲ. “ಹೊಲಿಗೆ... ಯಂತ್ರ... ರಿಪೇರಿ,” ಎಂದು ಓದಿದರು. “ನಡುವಿನ ಅಕ್ಷರ ಸ್ವಲ್ಪ ಕುಣಿಯುತ್ತದೆ ಮಾರಾಯ. ಆದರೆ ಉಂಟು, ಅಲ್ಲಿಯೇ ಉಂಟು.”

ನಾನು ಆ ಹೆಂಗಸಿಗೆ ಕೈಮುಗಿದೆ. ಬಸ್ಸು ಹೊರಟಿತು. ಭಾವ ಎಡಗಣ್ಣು ತೆರೆಯದೆ, ಮುಂದಿನ ಬೋರ್ಡು ಬರುವುದನ್ನೇ ಕಾಯುತ್ತ ಕುಳಿತರು.