ಕೊಳಕ್ಕೆ ಬಿಟ್ಟ ಆಮೆ

ಬಾಲ್ಕನಿಯ ಟೈಲ್ಸ್ ಮೇಲೆ ಒಂದು ಬಿಳಿ ಉಂಗುರವಿತ್ತು. ನೀಲಿ ಟಬ್ಬು ವರ್ಷಗಟ್ಟಲೆ ಕೂತಿದ್ದ ಜಾಗ ಅದು. ನೀರಿನ ಸುಣ್ಣ ಟಬ್ಬಿನ ಸುತ್ತ ನೆಲಕ್ಕೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು, ಉಗುರಿನಿಂದ ಕೆರೆದರೂ ಏಳಲಿಲ್ಲ. ಟಬ್ಬನ್ನು ಯಾರೋ ತಿಕ್ಕಿ ತೊಳೆದು ಗೋಡೆಗೆ ಒರಗಿಸಿದ್ದರು. ಅದರೊಳಗಿದ್ದ ಆಮೆ ಇರಲಿಲ್ಲ.

ಅದು ಅಪ್ಪ ತಂದ ಆಮೆ. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಸಂಜೆ ಆಫೀಸಿನಿಂದ ಬರುವಾಗ ಅಕ್ವೇರಿಯಂ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ಆಗ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಎಳೆ ಹಸಿರು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಇಷ್ಟೇ ಇರುತ್ತೆ, ಬೆಳೆಯೋದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ನಾನು ಎಂ.ಎಸ್‌ಸಿ. ಮುಗಿಸುವ ಹೊತ್ತಿಗೆ ಅದು ತಿಂಡಿಯ ತಟ್ಟೆಯಷ್ಟಾಗಿತ್ತು. ಅಪ್ಪ ಕೊನೆಯವರೆಗೂ ಅದನ್ನು ಮರಿ ಎಂದೇ ಕರೆದರು. ಬೆಳಿಗ್ಗೆ ಟಬ್ಬಿನ ನೀರು ಬದಲಾಯಿಸುವುದು, ಅಂಚನ್ನು ಬೆರಳಿನಿಂದ ಬಡಿಯುವುದು, ಅದು ಕತ್ತು ಚಾಚಿ ಬಂದಾಗ ಒಂದೊಂದೇ ಕಾಳು ಮಂಡಕ್ಕಿ ಕೊಡುವುದು, ಆಮೇಲೆ ಸಯನ್ ಸ್ಟೇಷನ್ನಿಗೆ ಓಡುವುದು. ಅವರು ಹೋದ ಮೇಲೆ ಆ ಕೆಲಸವನ್ನು ಅಮ್ಮ ಮಾಡಿದಳು. ಆ ಒಂದು ವರ್ಷ ಅವಳು ಮನೆಯಿಂದ ಹೊರಗೆ ಹೋದದ್ದು ಕಡಿಮೆ. ತರಕಾರಿಯನ್ನೂ ಬಾಗಿಲಿಗೇ ತರಿಸಿಕೊಳ್ಳುತ್ತಿದ್ದಳು.

ಅಪ್ಪನ ವರ್ಷಾಂತಿಕ ಮುಗಿದ ವಾರದಲ್ಲಿ ನಾನು ಬೊರಿವಲಿಯ ಕಡೆ ಕೆಲಸದ ಮೇಲೆ ಹೋಗಿ ಸಂಜೆ ಬಂದಾಗ ಟಬ್ಬು ಖಾಲಿಯಾಗಿತ್ತು. ಅಮ್ಮನೇ ಹೇಳಿದಳು. ಕೆಳಗಿನ ಮನೆಯ ಆಂಟಿಯ ಜೊತೆ ಜೋಗೇಶ್ವರಿಗೆ ಹೋಗಿ, ಅಲ್ಲಿಯ ದೇವಸ್ಥಾನದ ಕೊಳಕ್ಕೆ ಆಮೆಯನ್ನು ಬಿಟ್ಟು ಬಂದಿದ್ದಳು. ಆಂಟಿ ಉಡುಪಿ ಕಡೆಯವರು, ಅವರ ಯಜಮಾನರದು ಹೋಟೆಲು. ಆಮೆ ಅಂದರೆ ಕೂರ್ಮಾವತಾರ, ಹೋದವರ ಹೆಸರಿನಲ್ಲಿ ಬಿಟ್ಟರೆ ಅವರಿಗೆ ಒಳ್ಳೆಯದಾಗುತ್ತದೆ ಎಂಬ ಸಲಹೆ ಅವರದೇ. ಅವರ ಅಕ್ಕನ ಮನೆ ಆ ಕೊಳದ ಹತ್ತಿರ. ಬಕೆಟ್ಟಿನಲ್ಲಿ ಆಮೆಯನ್ನಿಟ್ಟುಕೊಂಡು ಇಬ್ಬರೂ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಹೋದದ್ದನ್ನು ಅಮ್ಮ ನಗುತ್ತಾ ವಿವರಿಸಿದಳು. ಇದಕ್ಕೆ ಟಿಕೆಟ್ ತೆಗೆದಿದ್ದೀರಾ ಎಂದು ಮೀನಿನ ಬುಟ್ಟಿಯವಳು ಕೇಳಿದಳಂತೆ. ಸೀನಿಯರ್ ಸಿಟಿಜನ್, ಅರ್ಧ ಟಿಕೆಟ್ ಎಂದು ಆಂಟಿ ಹೇಳಿದರಂತೆ.

"ಅವರ ಹೆಸರಲ್ಲಿ ಬಿಟ್ಟೆ ಕಣೇ," ಎಂದಳು ಅಮ್ಮ. "ನೀರಿಗಿಳಿದಿದ್ದೇ ತಡ, ತಿರುಗಿ ಕೂಡ ನೋಡಲಿಲ್ಲ ಅದು."

ಆ ರಾತ್ರಿ ಅವಳು ಎರಡನೆಯ ಸಲ ಅನ್ನ ಬಡಿಸಿಕೊಂಡಳು.

ನಾನು ಅವಳಿಗೆ ಹೇಳದೆ ಉಳಿಸಿಕೊಂಡದ್ದು ನನ್ನ ಕೆಲಸದ ವಿಷಯ. ಹೊರದೇಶದಿಂದ ಬಂದು ಇಲ್ಲಿಯ ಕೆರೆಕೊಳಗಳಲ್ಲಿ ನೆಲೆಯೂರುವ ಪ್ರಾಣಿಗಳ ಮೇಲಿನ ಒಂದು ಯೋಜನೆಯಲ್ಲಿ ನಾನು ಸಂಶೋಧನಾ ಸಹಾಯಕಿ. ನನ್ನ ಪಾಲಿಗೆ ಬಂದದ್ದು ಕೆಂಪು ಕಿವಿಯ ಆಮೆ, ಅಂದರೆ ಅಪ್ಪ ತಂದಂಥದೇ. ಅಂಗಡಿಯಲ್ಲಿ ಮುದ್ದಾಗಿರುತ್ತದೆ, ಮನೆಯಲ್ಲಿ ಬೆಳೆಯುತ್ತದೆ, ಸಾಕಾದವರು ಕೊಳಕ್ಕೆ ಬಿಡುತ್ತಾರೆ. ಕೊಳದಲ್ಲಿ ಅದು ನಮ್ಮ ಆಮೆಗಳು ಬಿಸಿಲಿಗೆ ಕೂರುವ ಕಲ್ಲನ್ನು ಹಿಡಿಯುತ್ತದೆ, ಅವುಗಳ ಆಹಾರ ತಿನ್ನುತ್ತದೆ, ರೋಗವನ್ನೂ ತರುತ್ತದೆ. ನಮ್ಮ ತಂಡ ಒಂದೊಂದೇ ಕೊಳಕ್ಕೆ ಹೋಗಿ ಬಲೆಯಿಟ್ಟು ಅವನ್ನು ತೆಗೆಯುತ್ತದೆ. ಜೋಗೇಶ್ವರಿಯ ಕೊಳ ಮಳೆಗಾಲ ಮುಗಿದ ಮೇಲೆ ಆಗಬೇಕಾದ ಕೆಲಸಗಳಲ್ಲಿ ಮೊದಲೇ ಸೇರಿತ್ತು.

ಅಮ್ಮ ಅಲ್ಲಿಗೆ ಒಂದೇ ಸಲ ಹೋಗಿ ಸುಮ್ಮನಾಗಲಿಲ್ಲ. ಪ್ರತಿ ಶನಿವಾರ ಹೋಗತೊಡಗಿದಳು. ದಾದರಿನಲ್ಲಿ ಗಾಡಿ ಬದಲಾಯಿಸುವುದನ್ನು ಕಲಿತಳು. ಮೊದಮೊದಲು ಆಂಟಿ ಜೊತೆಗಿರುತ್ತಿದ್ದರು, ಆಮೇಲೆ ಒಬ್ಬಳೇ. ಮಂಡಕ್ಕಿಯ ಪೊಟ್ಟಣ, ನೀರಿನ ಬಾಟಲು, ಕೂರಲು ಹಳೆಯ ಟವೆಲು. ಮೆಟ್ಟಿಲನ್ನು ಕೈಯಿಂದ ತಟ್ಟಿದರೆ ಮರಿ ಬರುತ್ತದೆ, ಗುರುತು ಮರೆತಿಲ್ಲ ಎನ್ನುತ್ತಿದ್ದಳು. ಒಂದು ಶನಿವಾರ ಹೊಸ ಸೀರೆ ಉಟ್ಟುಕೊಂಡು ಹೊರಟಳು. ಆ ಸೀರೆ ಅಪ್ಪ ಇದ್ದಾಗ ಕೊಡಿಸಿದ್ದು, ಮಡಿಕೆ ಬಿಚ್ಚಿರಲಿಲ್ಲ.

ಆ ತಿಂಗಳುಗಳಲ್ಲಿ ನಮ್ಮ ಆಫೀಸಿನಲ್ಲಿ ಸಮ್ಮೇಳನದ್ದೇ ಮಾತು. ಇಂಥ ಪ್ರಾಣಿಗಳ ನಿಯಂತ್ರಣ ಮತ್ತು ವನ್ಯಜೀವಿ ಸಂರಕ್ಷಣೆಯ ಬಗ್ಗೆ ಮುಂದಿನ ವರ್ಷ ನಡೆಯಲಿರುವ ಸಮ್ಮೇಳನಗಳ ವಿವರಗಳನ್ನು ನಮ್ಮ ಮಾರ್ಗದರ್ಶಕರು ಎಲ್ಲರಿಗೂ ಕಳಿಸಿದ್ದರು. ಅವುಗಳಲ್ಲೊಂದಕ್ಕೆ ನಾನು ಬರೆದ ಪ್ರಬಂಧದ ಸಾರಾಂಶ ಒಪ್ಪಿಗೆಯಾಯಿತು. ವೇದಿಕೆಯ ಮೇಲೆ ನಾನು ಮಾತನಾಡುವುದು ಅದೇ ಮೊದಲು. ಜನ ಯಾಕೆ ಬಿಡುತ್ತಾರೆ ಎಂಬುದಕ್ಕೆ ಒಂದು ಸ್ಲೈಡ್ ಇರಲಿ ಎಂದು ಮಾರ್ಗದರ್ಶಕರು ಹೇಳಿದರು. ಧಾರ್ಮಿಕ ಕಾರಣ ಎಂದು ನಾನು ಸೇರಿಸಿದೆ. ಅದನ್ನು ನೋಡಿ ಜೊತೆಯ ಹುಡುಗನೊಬ್ಬ, "ಪುಣ್ಯ ಕಮಾಯಾ, ತಾಲಾಬ್ ಗಂವಾಯಾ," ಎಂದ. ಪುಣ್ಯ ಗಳಿಸಿದರು, ಕೊಳ ಕಳೆದುಕೊಂಡರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಸ್ಲೈಡಿಗೆ ಚಿತ್ರ ಬೇಕಿತ್ತು. ತಂಡದವರು ತೆಗೆದ ಚಿತ್ರಗಳಲ್ಲಿ ಜೋಗೇಶ್ವರಿಯ ಕೊಳದ್ದೇ ಸ್ಪಷ್ಟವಾಗಿತ್ತು, ಅದನ್ನೇ ಹಾಕಿದೆ.

ಬಲೆಯಿಡುವ ದಿನ ಒಂದು ಶನಿವಾರವೆಂದು ಗೊತ್ತಾಯಿತು. ಆ ಶನಿವಾರ ಅಮ್ಮನನ್ನು ಬೇರೆ ಎಲ್ಲಿಗಾದರೂ ಕರೆದುಕೊಂಡು ಹೋಗುವಂತೆ ಆಂಟಿಗೆ ಹೇಳಬಹುದು ಎಂದು ಯೋಚಿಸಿದ್ದೆ. ಮುಂದಿನ ವಾರ ಅವಳು ಹೋಗಿ ಮೆಟ್ಟಿಲು ತಟ್ಟುತ್ತಾಳೆ, ಏನೂ ಬರುವುದಿಲ್ಲ. ಅಲ್ಲಿಂದಾಚೆ ನನ್ನ ಯೋಚನೆ ಹೋಗಿರಲಿಲ್ಲ.

ಶುಕ್ರವಾರ ಸಂಜೆ ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾತನ್ನು ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಎದುರಿಗೆ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ನನ್ನ ಇಂಗ್ಲಿಷು ಅವಳಿಗೆ ಪೂರ್ತಿ ಅರ್ಥವಾಗುವುದಿಲ್ಲ, ಆದರೂ ಜೋರಾಗಿ ಹೇಳು, ಹಿಂದೆ ಕೂತವರಿಗೆ ಕೇಳಿಸಬೇಕು ಎನ್ನುತ್ತಿದ್ದಳು. ಕುಕ್ಕರಿಗೆ ನೀರು ಹಾಕಲು ಎದ್ದು ನನ್ನ ಹಿಂದಿನಿಂದ ಹೋದವಳು ಅಲ್ಲೇ ನಿಂತಳು.

"ಇದು ನಮ್ಮ ಕೊಳ ಅಲ್ವೇನೇ?"

ಹೌದೆಂದೆ.

"ನಮ್ಮ ಕೊಳದ ಫೋಟೋ ಯಾಕೆ ಹಾಕಿದೀಯ?"

ನಾನು ಹೇಳಿದೆ. ಮೊದಲಿನಿಂದ, ಕ್ರಮವಾಗಿ, ಹೊರಗಿನವರಿಗೆ ವಿವರಿಸುವ ಹಾಗೆಯೇ ಹೇಳಿದೆ. ಬೇರೆ ರೀತಿ ನನಗೆ ಬರಲಿಲ್ಲ. ನಾಳೆಯೇ ಬಲೆ ಹಾಕುತ್ತೇವೆ ಎಂದಾಗ ಅವಳು ಕುರ್ಚಿಯಲ್ಲಿ ಕೂತಳು.

"ಹಿಡಿದು ಏನ್ ಮಾಡ್ತೀರಿ?"

"ಒಂದು ಕೇಂದ್ರ ಇದೆ ಅಮ್ಮ. ಸಿಮೆಂಟ್ ತೊಟ್ಟಿಯಲ್ಲಿ ಇಡ್ತಾರೆ."

"ಎಷ್ಟೂಂತ ಇಡ್ತಾರೆ?"

"ಜಾಗ ಸಾಲದಿದ್ರೆ ಇಂಜೆಕ್ಷನ್ ಕೊಡ್ತಾರೆ."

ಎಂಥ ಇಂಜೆಕ್ಷನ್ ಎಂದು ಅವಳು ಕೇಳಲಿಲ್ಲ. ನಾರು ಬಿಡಿಸಿದ ಕಾಯಿಗಳನ್ನು ಒಂದೆಡೆ ಒತ್ತರಿಸಿದಳು. ನಾನು ಬಿಟ್ಟಿದ್ದು ತಪ್ಪಾ ಎಂದು ಕೇಳಿದಳು. ನಿನಗೆ ಗೊತ್ತಿರಲಿಲ್ಲವಲ್ಲ ಎಂದೆ. ನಿನಗೆ ಗೊತ್ತಿತ್ತಲ್ಲ ಎಂದಳು. ಅದರಲ್ಲಿ ಕೋಪವಿರಲಿಲ್ಲ. ಇಷ್ಟು ದಿನ ನಾನು ಅವಳನ್ನು ಶನಿವಾರಗಳಂದು ಕಳಿಸಿಕೊಟ್ಟದ್ದನ್ನು ಅವಳು ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ.

"ಮನೆಗೆ ತಂದಿಟ್ಕೊಂಡ್ರೆ?"

ಸಾಕಿದವರೇ ವಾಪಸ್ ತೆಗೆದುಕೊಂಡು ಹೋದರೆ ತಕರಾರಿಲ್ಲ, ಮತ್ತೆ ಎಲ್ಲೂ ಬಿಡುವ ಹಾಗಿಲ್ಲ ಅಷ್ಟೇ ಎಂದು ಹೇಳಿದೆ.

"ಹಾಗಾದ್ರೆ ನಿಮ್ಮೋರು ಬರೋ ಮುಂಚೆ ನಾನು ಹೋಗ್ತೀನಿ. ನಾನು ಕರೆದ್ರೆ ಬರುತ್ತೆ ಅದು."

ಮರುದಿನ ಬೆಳಿಗ್ಗೆ ನಾವಿಬ್ಬರೂ ಮೊದಲ ಗಾಡಿಗಳಲ್ಲೊಂದನ್ನು ಹಿಡಿದು ಹೋದೆವು. ಬಕೆಟ್ಟು ಅಮ್ಮನ ತೊಡೆಯ ಮೇಲಿತ್ತು. ಕೊಳದ ಹತ್ತಿರ ಹೂವಿನವರು ಆಗಷ್ಟೇ ಗೋಣಿ ಬಿಚ್ಚುತ್ತಿದ್ದರು. ಅಮ್ಮ ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲಿಗೆ ಇಳಿದು, ಒಂದು ಕೈಯಿಂದ ಸೆರಗು ಹಿಡಿದು, ಇನ್ನೊಂದರಿಂದ ಕಲ್ಲನ್ನು ತಟ್ಟಿದಳು.

ನೀರಿನಲ್ಲಿ ಒಂದು ತಲೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಆಚೆ ದಡದ ಕಡೆಯಿಂದಲೂ ಸಣ್ಣ ಗೆರೆಗಳು ನೀರನ್ನು ಸೀಳಿಕೊಂಡು ನಮ್ಮತ್ತ ಬರುತ್ತಿದ್ದವು. ಅಮ್ಮನ ಕೈ ನಿಂತಿತು. ಮೆಟ್ಟಿಲಿನ ಮುಂದೆ ಅವು ಒಂದರ ಬೆನ್ನ ಮೇಲೊಂದು ಹತ್ತುತ್ತಾ ಕತ್ತು ಚಾಚಿ ನಿಂತವು, ಎಲ್ಲದಕ್ಕೂ ಕಣ್ಣಿನ ಹಿಂದೆ ಕೆಂಪು ಪಟ್ಟಿ. ತಟ್ಟಿದರೆ ಬರುವುದನ್ನು ಪ್ರತಿಯೊಂದೂ ಯಾವುದೋ ಮನೆಯಲ್ಲಿ ಕಲಿತಿತ್ತು. ಬೇರೆ ಶನಿವಾರಗಳಲ್ಲಿ ತಾನು ಬರುವ ಹೊತ್ತಿಗೆ ಇಲ್ಲಿ ಜನ ಹೆಚ್ಚು, ಗಲಾಟೆ ಹೆಚ್ಚು, ಒಂದೋ ಎರಡೋ ಮಾತ್ರ ಬರುತ್ತಿದ್ದವು ಎಂದು ಅಮ್ಮ ನನ್ನತ್ತ ನೋಡದೆ ಹೇಳಿದಳು. ಬಗ್ಗಿ ಬಹಳ ಹೊತ್ತು ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಇದೇ," ಎಂದಳು, ಎಲ್ಲಕ್ಕಿಂತ ಮುಂದಿದ್ದುದನ್ನು ತೋರಿಸಿ. "ಇದೇ ಅಲ್ವಾ?"

ಅದರ ಮುಂಗಾಲಿನ ಉಗುರುಗಳು ಉದ್ದವಾಗಿದ್ದವು. ಹಾಗಿರುವುದು ಗಂಡಿಗೆ. ನಮ್ಮದು ಹೆಣ್ಣು.

"ಹೌದಮ್ಮ, ಇದೇ," ಎಂದೆ.

ಎರಡೂ ಕೈಯಿಂದ ಎತ್ತಿ ಬಕೆಟ್ಟಿಗೆ ಇಳಿಸಿ, ಒದ್ದೆ ಟವೆಲು ಮುಚ್ಚಿದೆ. ಅಮ್ಮ ಪೊಟ್ಟಣದಲ್ಲಿದ್ದ ಮಂಡಕ್ಕಿಯನ್ನೆಲ್ಲ ಉಳಿದವುಗಳಿಗೆ ಹಾಕಿದಳು. ಅವಳಿಗೆ ಟ್ಯಾಕ್ಸಿ ಮಾಡಿಕೊಟ್ಟು ನಾನು ಮೆಟ್ಟಿಲಿಗೆ ಹಿಂದಿರುಗಿದೆ. ತಂಡದವರು ಬಂದರು, ಬಲೆ ಇಳಿಸಿದರು, ಬಿಸಿಲು ಏರುವ ಹೊತ್ತಿಗೆ ಎಳೆಯತೊಡಗಿದರು. ಅಳೆಯುವ ಕೆಲಸ ಯಾವಾಗಲೂ ನನ್ನದು. ಒಂದೊಂದನ್ನೂ ಎತ್ತಿ, ಚಿಪ್ಪಿನ ಉದ್ದ ಅಗಲ ನೋಡಿ ಹೇಳಿದೆ. ಹೆಣ್ಣಾಗಿದ್ದರೆ, ನಮ್ಮದಿರಬಹುದೇ ಎಂದು, ತಿರುಗಿಸಿ ಹೊಟ್ಟೆಯ ಕಡೆಯ ಕಪ್ಪು ಮಚ್ಚೆಗಳನ್ನೂ, ಮುಖವನ್ನೂ ನೋಡಿದೆ. ಊರಿನ ಆಮೆಗಳನ್ನೆಲ್ಲ ಅಳೆದ ನಾನು ಮನೆಯದನ್ನು ಒಮ್ಮೆಯೂ ಅಳೆದಿರಲಿಲ್ಲ. ಯಾಕೆ ಇಷ್ಟು ನಿಧಾನ ಎಂದು ಜೊತೆಯ ಹುಡುಗ ಕೇಳಿದ. ಅಳತೆ ಸರಿಯಾಗಿರಲಿ ಎಂದು ಹೇಳಿ, ಕೈಯಲ್ಲಿದ್ದ ಹೆಣ್ಣನ್ನು ಪೆಟ್ಟಿಗೆಯೊಳಗಿಟ್ಟು, ಮುಂದಿನದನ್ನು ಎತ್ತಿಕೊಂಡೆ.