ಮಕ್ಕಳ ಕಾಲಂ

ನಮ್ಮ ಗ್ರಂಥಾಲಯದ ಸದಸ್ಯತ್ವದ ಅರ್ಜಿಗಳನ್ನು ಓದುವ ಪ್ರೋಗ್ರಾಂ ಬರೆದವಳು ನನ್ನ ಚಿಕ್ಕಮ್ಮ. ಮೊದಮೊದಲು ಅದು ಮಹಾ ಹಟಮಾರಿ. ಅರ್ಜಿಯ ಮಕ್ಕಳ ಕಾಲಂನಲ್ಲಿ ಹೆಸರು ಎರಡಿದ್ದರೂ ಹತ್ತಿದ್ದರೂ ಪಟ್ಟಿಯೆಂದು ಸಲೀಸಾಗಿ ಓದುತ್ತಿತ್ತು. ಒಂದೇ ಹೆಸರಿದ್ದರೆ ಆ ಹೆಸರನ್ನೇ ಪಟ್ಟಿಯೆಂದುಕೊಂಡು ಅಕ್ಷರಕ್ಕೊಂದು ಮಗುವನ್ನು ಎಣಿಸುತ್ತಿತ್ತು. ಒಬ್ಬಳೇ ಮಗಳಿರುವ ಪೋಸ್ಟ್‌ಮ್ಯಾನ್ ಮನೆಗೆ ನಾಲ್ಕು ಮಕ್ಕಳ ಕಾರ್ಡು ಹೋದವು. ಹೆಸರೇ ಇಲ್ಲದಿದ್ದರಂತೂ ಅರ್ಜಿಯನ್ನೇ ತಿರಸ್ಕರಿಸುತ್ತಿತ್ತು.

ಚಿಕ್ಕಮ್ಮ ವಾರವಿಡೀ ಗೊಣಗುತ್ತ ತಿದ್ದಿದಳು: ಒಂದಿದ್ದರೂ ಪಟ್ಟಿಯೇ, ಏನೂ ಇಲ್ಲದಿದ್ದರೆ ಖಾಲಿ ಪಟ್ಟಿ. ಪರೀಕ್ಷಿಸಲು ತನ್ನದೇ ಅರ್ಜಿ ಹಾಕಿದಳು, ಅವಳಿಗೆ ಮಕ್ಕಳಿಲ್ಲ. ಪರದೆಯ ಮೇಲೆ 'ಸ್ವೀಕರಿಸಲಾಗಿದೆ' ಎಂದು ಮೂಡಿತು.

"ಅಂತೂ ಇದಕ್ಕೆ ಬುದ್ಧಿ ಬಂತಲ್ಲ ಚಿಕ್ಕಮ್ಮ," ಎಂದೆ.

"ಜಾಗ ಖಾಲಿ ಇರೋದು ತಪ್ಪಲ್ಲ ಅಂತ ಅರ್ಥ ಆಗೋಕೆ ಇದಕ್ಕೆ ಒಂದೇ ವಾರ ಸಾಕಾಯ್ತು ಕಣೇ. ನಮ್ಮತ್ತೆಗೆ ಇಪ್ಪತ್ತು ವರ್ಷ ಹಿಡೀತು!"