ವೈರ್ ಮೇಲೆ ಹೊರಿಸಿದ ತಪ್ಪು

2023ನೇ ಇಸವಿ. ಶಿವಾಜಿನಗರದಲ್ಲಿ ನಾನು ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳ ರಿಪೇರಿ ಅಂಗಡಿ ತೆರೆದು ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಇಪ್ಪತ್ತೊಂದು ವರ್ಷ ಕೆ.ಆರ್. ಪುರದ ಕಡೆ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಅಲ್ಲಿ ನನ್ನ ಸಹಿ ಬೀಳದೆ ಒಂದು ಸರ್ಕ್ಯೂಟ್ ಬೋರ್ಡೂ ಗೇಟು ದಾಟುತ್ತಿರಲಿಲ್ಲ. ಆ ಹೆಸರಿನಿಂದಲೇ ನಮ್ಮ ಕಡೆ ಗೇಮಿಂಗ್ ಪಂದ್ಯಾವಳಿ ನಡೆಸುವವರು ನನ್ನನ್ನು ಟೆಕ್ನಿಕಲ್ ಇನ್‌ಸ್ಪೆಕ್ಟರ್ ಆಗಿ ಕರೆಯುತ್ತಿದ್ದರು. ಆಟಗಾರರು ತರುವ ಉಪಕರಣ ಸರಿ ಇದೆಯೇ ಎಂದು ನೋಡುವುದು, ನಡುವೆ ಏನಾದರೂ ಕೆಟ್ಟರೆ ಯಾವುದು ಕೆಟ್ಟಿತು ಎಂದು ಹೇಳುವುದು, ಇಷ್ಟೇ ಕೆಲಸ. ಎರಡನೆಯದು ಸುಲಭ ಎಂದು ಹಲಸೂರಿನ ಆ ಭಾನುವಾರದವರೆಗೆ ತಿಳಿದುಕೊಂಡಿದ್ದೆ.

ಆ ವರ್ಷ ಅಂಗಡಿಗೆ ಬಂದವರ ಬಾಯಲ್ಲೆಲ್ಲ ಮುಂದೆ ಬರಲಿರುವ ಹೊಸ ಕನ್ಸೋಲ್‌ಗಳದೇ ಮಾತು. ಕಂಟ್ರೋಲರ್ ಅಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಸಾಧನ. ಆಡುವವರು ಅದನ್ನು ಪ್ಯಾಡ್ ಎನ್ನುತ್ತಾರೆ. ಹೊಸ ಪ್ಯಾಡ್‌ನ ಹೆಬ್ಬೆರಳಿನಿಂದ ತಿರುಗಿಸುವ ಸ್ಟಿಕ್ ತಾನಾಗಿ ಒಂದು ಕಡೆ ಎಳೆಯಬಾರದು ಎಂದು ಒಬ್ಬ, ಬ್ಯಾಟರಿ ಎರಡು ದಿನ ಬರಬೇಕು ಎಂದು ಇನ್ನೊಬ್ಬ. ವೈರ್ ಎಲ್ಲ ತಾತನ ಕಾಲದ್ದು ಗುರು, ಹೊಸದರಲ್ಲಿ ವೈರ್‌ಗೆ ಜಾಗವೇ ಇರಬಾರದು ಎಂದು ಒಬ್ಬ ಹೇಳಿದರೆ ಪಕ್ಕದವನು, "ನಮ್ ತಾತ ಆಟದ ಮಧ್ಯ ಯಾವತ್ತೂ ಚಾರ್ಜ್ ಹಾಕ್ಕೊಳ್ಳೋಕೆ ಎದ್ದು ಹೋಗಿಲ್ಲ ಮಗಾ" ಎನ್ನುತ್ತಿದ್ದ. ಜಗಳ ನನ್ನ ಬಳಿ ಬಂದು ನಿಲ್ಲುತ್ತಿತ್ತು. ವೈರ್ ಇಲ್ಲದಿದ್ದರೆ ಆಟ ತಡವಾಗುತ್ತದೆಯೇ ಎಂದು ನಾನು ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಇಟ್ಟು, ಬೆರಳು ಗುಂಡಿ ಒತ್ತಿದ ಕ್ಷಣದಿಂದ ಪರದೆಯ ಮೇಲಿನ ಪಾತ್ರ ಕೈ ಎತ್ತುವ ಕ್ಷಣದವರೆಗೆ ಎಣಿಸಿ ನೋಡಿದ್ದೆ. ಪರದೆ ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುತ್ತದೆ. ನನ್ನ ಮೇಜಿನ ಮೇಲೆ ವೈರ್‌ಗೂ ವೈರ್‌ಲೆಸ್‌ಗೂ ಒಂದು ಚಿತ್ರದಷ್ಟೂ ವ್ಯತ್ಯಾಸ ಬರಲಿಲ್ಲ. ಆದ್ದರಿಂದ ಎರಡಕ್ಕೂ ಅನುಮತಿ ಕೊಡಿ ಎಂದು ಸಂಘಟಕರಿಗೆ ಹೇಳಿದವನು ನಾನೇ.

ಪಂದ್ಯಾವಳಿ ನಡೆದದ್ದು ಹಲಸೂರು ಕೆರೆಯ ಹತ್ತಿರದ ಒಂದು ಸಮುದಾಯ ಭವನದ ಮೊದಲ ಮಹಡಿಯಲ್ಲಿ. ಮೂವತ್ತೆರಡು ಜನ, ನಾಲ್ಕು ಕನ್ಸೋಲ್, ಇಬ್ಬರು ಎದುರುಬದುರಾಗಿ ಹೊಡೆದಾಡುವ ಫೈಟಿಂಗ್ ಗೇಮ್. ಗೆದ್ದ ಒಬ್ಬರಿಗೆ ಮಾತ್ರ ಪುಣೆಯ ರಾಷ್ಟ್ರಮಟ್ಟದ ಪಂದ್ಯಕ್ಕೆ ಪ್ರವೇಶ. ರೆಫ್ರಿ ಅನ್ಸರ್, ಹಲಸೂರಿನಲ್ಲೇ ಗೇಮಿಂಗ್ ಪಾರ್ಲರ್ ನಡೆಸುವವನು, ಬೆಳಿಗ್ಗೆಯೇ ನಿಯಮ ಓದಿ ಹೇಳಿದ. ಯಾರ ಪ್ಯಾಡ್‌ನಿಂದ ಆಟ ನಿಲ್ಲುತ್ತದೋ ಅವರು ಆ ಸುತ್ತು ಬಿಟ್ಟುಕೊಡಬೇಕು. ಬಿಟ್ಟುಕೊಡುವುದು ಅಂದರೆ ಪ್ಯಾಡನ್ನು ತೊಡೆಯ ಮೇಲಿಟ್ಟು, ಎದುರಾಳಿ ಹೊಡೆದು ಮುಗಿಸುವವರೆಗೆ ಸುಮ್ಮನೆ ಕೂತಿರುವುದು. ನೋಡುವವರಿಗೂ ಸಂಕಟವಾಗುವ ಪದ್ಧತಿ ಅದು.

ವೈರ್‌ಲೆಸ್ ಪ್ಯಾಡನ್ನು ಕನ್ಸೋಲ್‌ಗೆ ಒಮ್ಮೆ ಪರಿಚಯ ಮಾಡಿಸುವುದಕ್ಕೆ ಪೇರಿಂಗ್ ಎನ್ನುತ್ತಾರೆ. ಆಮೇಲೆ ಕನ್ಸೋಲ್ ಅದನ್ನು ಮರೆಯುವುದಿಲ್ಲ. ಪ್ಯಾಡ್‌ನ ನಡುವಿನ ಗುಂಡಿ ಒತ್ತಿದರೆ ಸಾಕು, ಅದು ಎದ್ದು ತಾನು ಹಿಂದೆ ಕೂತಿದ್ದ ಜಾಗಕ್ಕೆ ಬಂದು ಕೂರುತ್ತದೆ. ಅಲ್ಲಿ ಬೇರೆ ಪ್ಯಾಡ್ ಇದ್ದರೆ ಅದನ್ನು ಅಲ್ಲಿಂದ ಎಬ್ಬಿಸಿ ಹೊರಹಾಕುತ್ತದೆ. ಹಾಗಾಗಿ ಪ್ರತಿ ಪಂದ್ಯದ ನಂತರ ಆಡಿದವರ ಪೇರಿಂಗ್ ಅಳಿಸುತ್ತಿದ್ದೆ, ಅಳಿಸಿ ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ. ಒಂದೂ ತಪ್ಪಿಸಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ, ಯಾರೂ ಬರುವ ಮೊದಲು, ಎಲ್ಲ ಕುರ್ಚಿಯಲ್ಲೂ ಕೂತು ನನ್ನದೇ ವೈರ್‌ಲೆಸ್ ಪ್ಯಾಡ್‌ನಿಂದ ಕನ್ಸೋಲ್‌ಗಳನ್ನು ಪರೀಕ್ಷಿಸಿ, ಅದನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಅದು ಹಾಳೆಯಲ್ಲಿರಲಿಲ್ಲ. ಹಾಳೆ ಇದ್ದದ್ದು ಆಟಗಾರರಿಗೆ.

ಫೈನಲ್‌ಗೆ ಬಂದವರು ಇಬ್ಬರು. ವಿನ್ಸೆಂಟ್ ಸರ್ವಜ್ಞನಗರದ ಬೇಕರಿ ಮನೆಯ ಹುಡುಗ, ಇಪ್ಪತ್ತೆರಡು ವರ್ಷ, ಕೈಯಲ್ಲಿ ಹೊಚ್ಚ ಹೊಸ ವೈರ್‌ಲೆಸ್ ಪ್ಯಾಡ್. ರೇಣುಕಾ ಯಾದಗಿರಿ ಕಡೆಯವರು, ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆಯಲ್ಲಿ ತಂಗಿಯೊಂದಿಗೆ ಇದ್ದವರು. ವಾಹನಗಳಿಗೆ ವೈರುಗಳ ಕಟ್ಟು ಜೋಡಿಸುವ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಅವರ ಪ್ಯಾಡ್ ಶಿವಾಜಿನಗರದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್, ವೈರ್‌ನದು. ತುಂಡಾಗಿದ್ದ ವೈರನ್ನು ತಾವೇ ಬೆಸುಗೆ ಹಾಕಿ ಕಪ್ಪು ಟೇಪ್ ಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಟೇಪು ಇಡೀ ಸಭಾಂಗಣಕ್ಕೆ ಗೊತ್ತಾಗಿತ್ತು. ಆ ಪ್ಯಾಡ್‌ನಿಂದಲೇ ನಾಲ್ಕು ಜನರನ್ನು ಸೋಲಿಸಿ ಮನೆಗೆ ಕಳಿಸಿದ್ದರು.

ಐದು ಸುತ್ತಿನ ಫೈನಲ್. ಎರಡು ಎರಡು ಸಮ. ಕೊನೆಯ ಸುತ್ತಿನಲ್ಲಿ ರೇಣುಕಾ ವಿನ್ಸೆಂಟ್‌ನನ್ನು ಮೂಲೆಗೆ ಒತ್ತಿದರು. ಜನ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ನಾನೂ ನೋಡಬೇಕೆಂಬ ಆಸೆಯಿಂದ, ಇನ್ನೇನು ನನ್ನ ಕೆಲಸ ಮುಗಿಯಿತು ಎಂದುಕೊಂಡು, ಕೈಯಲ್ಲಿದ್ದ, ವೈರ್ ಪರೀಕ್ಷಿಸುವ ಮಲ್ಟಿಮೀಟರನ್ನು ಮೇಜಿನ ಕೆಳಗಿನ ಬ್ಯಾಗಿನೊಳಗೆ ಬಿಟ್ಟು ತಲೆ ಎತ್ತಿದೆ. ಪರದೆಯ ಮೇಲೆ ರೇಣುಕಾ ಅವರ ಪಾತ್ರ ಗಾಳಿಯಲ್ಲಿತ್ತು, ಒದೆಯಲು ಕಾಲು ಚಾಚಿತ್ತು. ವಿನ್ಸೆಂಟ್‌ನ ಬಲ ತೋರಿಸುವ ಪಟ್ಟಿ ನೂಲಿನಷ್ಟು ಉಳಿದಿತ್ತು. ಆಟ ನಿಂತುಹೋಯಿತು. ಎರಡನೇ ಆಟಗಾರರ ಕಂಟ್ರೋಲರ್ ಸಂಪರ್ಕ ತಪ್ಪಿದೆ ಎಂಬ ಸಾಲು ಬಂತು. ಎರಡನೇ ಆಟಗಾರರು ರೇಣುಕಾ.

ಏನನ್ನೂ ಮುಟ್ಟುವ ಮೊದಲು ಪರದೆಯ ಫೋಟೋ ತೆಗೆಯುವುದು ಕಾರ್ಖಾನೆ ಕಲಿಸಿದ ಅಭ್ಯಾಸ. ತೆಗೆದೆ. ರೇಣುಕಾ ಗುಂಡಿ ಒತ್ತಿದರು, ಏನೂ ಆಗಲಿಲ್ಲ. ಅನ್ಸರ್ ನನ್ನ ಮುಖ ನೋಡಿದ. ನಾನು ಆ ಟೇಪನ್ನು ನೋಡಿದೆ.

"ವೈರ್ ಬಿಟ್ಟಿರ್ಬೇಕು" ಎಂದೆ.

ಎರಡೇ ಪದ. ಅನ್ಸರ್‌ಗೆ ಅಷ್ಟು ಸಾಕಾಯಿತು. ಇಪ್ಪತ್ತೊಂದು ವರ್ಷ ಟೆಸ್ಟಿಂಗ್ ಮಾಡಿದವನ ಮಾತು. ಪ್ಯಾಡ್ ಕೆಳಗಿಡಮ್ಮಾ, ನಿಯಮ ನಿಯಮವೇ ಎಂದು ಮೆಲ್ಲಗೆ ಹೇಳಿದ. ಹಿಂದಿನಿಂದ ಯಾರೋ, ಗುಜರಿ ತಂದರೆ ಇನ್ನೇನಾಗುತ್ತೆ ಎಂದರು. ರೇಣುಕಾ ಪ್ಯಾಡ್ ಕೆಳಗಿಡಲಿಲ್ಲ. ಎದ್ದು ನನ್ನ ಕಡೆ ತಿರುಗಿದರು.

"ಲೈಟ್ ಹತ್ಯಾದ ನೋಡ್ರಿ ಸರ್. ವೈರ್ ಬಿಟ್ಟಿದ್ರ ಲೈಟ್ ಹ್ಯಾಂಗ್ ಹತ್ತತದ?"

ಕರೆಂಟಿನ ಎಳೆ ಬೇರೆ, ಗುಂಡಿಯ ಸಿಗ್ನಲ್ ಹೋಗುವ ಎಳೆ ಬೇರೆ, ಒಂದು ಬಿಟ್ಟು ಒಂದು ಉಳಿಯಬಹುದು ಎಂದು ವಿವರಿಸಿದೆ. ಸೌಜನ್ಯದಿಂದಲೇ ವಿವರಿಸಿದೆ. ಅದು ಇನ್ನೂ ಕೆಟ್ಟದ್ದು.

"ಗೊತ್ತದ್ರೀ. ದಿನಾ ಅದೇ ಕೆಲ್ಸ ಮಾಡ್ತೀನಿ ನಾ. ನಾಕೂ ಎಳಿ ನಾನೇ ಹಚ್ಚೀನಿ. ಮೀಟರ್ ಹಚ್ಚಿ ನೋಡ್ರಿ, ಆಮ್ಯಾಲ ಹೇಳ್ರಿ."

ಮೀಟರ್ ತರಲು ನಾನು ಮೇಜಿನ ಕೆಳಗೆ ಬಗ್ಗಿದೆ. ಬ್ಯಾಗಿನ ಬಾಯಿ ತೆರೆದಿತ್ತು. ಒಳಗೆ ಬಿಳಿ ಬೆಳಕು ಕಾಣಿಸಿತು. ಮೀಟರ್‌ನ ಮೂಲೆ ನನ್ನ ಪ್ಯಾಡ್‌ನ ನಡುವಿನ ಗುಂಡಿಯ ಮೇಲೆ ಕೂತಿತ್ತು. ಬೆಳಿಗ್ಗೆ ನಾನು ಕೊನೆಯದಾಗಿ ಪರೀಕ್ಷಿಸಿದ್ದು ಇದೇ ಕನ್ಸೋಲನ್ನು, ಕೊನೆಗೆ ಕೂತದ್ದು ಎರಡನೇ ಆಟಗಾರನ ಕುರ್ಚಿಯಲ್ಲಿ.

ಮಲ್ಟಿಮೀಟರ್ ಮಾತ್ರ ತೆಗೆದುಕೊಂಡು ಮೇಲೇಳಬಹುದಿತ್ತು. ಬೆಳಕು ಕಂಡವನು ನಾನೊಬ್ಬನೇ. ಈ ಯೋಚನೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಪ್ಯಾಡನ್ನೂ ಮೀಟರನ್ನೂ ಎರಡು ಕೈಯಲ್ಲಿ ಹಿಡಿದು ಎದ್ದೆ. ಪ್ಯಾಡನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟೆ.

"ಅನ್ಸರ್, ಆಟ ನಿಲ್ಸಿದ್ದು ಇದು. ನಂದು. ಅವರ ವೈರ್ ಸರಿಯಾಗಿದೆ."

ಆಮೇಲೆ ಅವರ ವೈರ್‌ಗೆ ಮೀಟರ್ ಹಿಡಿದೆ. ನಾಲ್ಕೂ ಎಳೆ ಸರಿಯಾಗಿದ್ದವು. ಅದನ್ನೂ ಗಟ್ಟಿಯಾಗಿ ಹೇಳಿದೆ. ನನ್ನ ಪ್ಯಾಡ್‌ನ ಪೇರಿಂಗ್ ಅಳಿಸಿ ಅವರ ಪ್ಯಾಡನ್ನು ಮತ್ತೆ ಆ ಜಾಗಕ್ಕೆ ತರುವಷ್ಟರಲ್ಲಿ ಕನ್ಸೋಲ್ ಆ ಪಂದ್ಯವನ್ನೇ ಮುಚ್ಚಿಬಿಟ್ಟಿತು, ನಿಂತಿದ್ದ ಸುತ್ತು ಅಳಿಸಿಹೋಯಿತು. ಹೊರಗಿನ ಕಾರಣಕ್ಕೆ ನಿಂತ ಸುತ್ತನ್ನು ಮೊದಲಿನಿಂದ ಆಡಿಸಬೇಕು ಎಂದು ಅನ್ಸರ್ ಹೇಳಿದ. ಅಂದರೆ ವಿನ್ಸೆಂಟ್‌ಗೆ ತುಂಬಿದ ಪಟ್ಟಿ ಸುಮ್ಮನೆ ಸಿಗುತ್ತಿತ್ತು. ರೇಣುಕಾ ಕುರ್ಚಿಗೆ ಹೋಗಿ ಕೂತರು.

ವಿನ್ಸೆಂಟ್ ಕೂರದೆ ಅನ್ಸರ್ ಕಡೆ ನೋಡಿದ. "ಭಾಯ್, ಫುಲ್ ಬಾರ್ ನಂಗ್ಯಾಕೆ? ಸತ್ತೇ ಹೋಗಿದ್ದೆ ನಾನು" ಎಂದ. ನನ್ನ ಕಡೆ ತಿರುಗಿ, "ಸರ್, ಫೋಟೋ ಹೊಡೆದ್ರಲ್ಲ, ತೋರ್ಸಿ" ಎಂದ.

ಫೋಟೋದಲ್ಲಿ ಎಲ್ಲ ಇತ್ತು. ವಿನ್ಸೆಂಟ್‌ನ ಪಟ್ಟಿ ನೂಲಿನಷ್ಟು, ರೇಣುಕಾ ಅವರದು ಸುಮಾರು ಅರ್ಧ, ಸುತ್ತಿಗೆ ಉಳಿದ ಸೆಕೆಂಡು ತೋರಿಸುವ ಗಡಿಯಾರದಲ್ಲಿ ಹತ್ತೊಂಬತ್ತು. ಎಲ್ಲವನ್ನೂ ಫೋಟೋದ ಅಳತೆಗೆ ತಂದು ಅಲ್ಲಿಂದ ಆಡೋಣ ಎಂಬ ವಿನ್ಸೆಂಟ್‌ನ ಮಾತಿಗೆ ಅನ್ಸರ್ ಒಪ್ಪಿದ. ಸುತ್ತು ಶುರುವಾಯಿತು. ವಿನ್ಸೆಂಟ್ ಪ್ಯಾಡನ್ನು ತೊಡೆಯ ಮೇಲಿಟ್ಟು ಕೈ ಕಟ್ಟಿ ಕೂತ. ರೇಣುಕಾ ಒಂದೊಂದೇ ಏಟು ಹಾಕುತ್ತಾ ಹೋದರು. ಫ್ರೀ ಸಿಗ್ತಿದೆ, ಬೇಗ ಹೊಡ್ಕೊಳ್ಳಿ ಅಕ್ಕಾ ಎಂದು ಒಬ್ಬ ಕೂಗಿದ. ಇನ್ನೊಬ್ಬ ವಿನ್ಸೆಂಟ್‌ಗೆ, ಮನೇಲಿ ಅಮ್ಮನ ಹತ್ರ ಹೀಗೇ ಕೂರ್ತೀಯೇನೋ ಎಂದ. ನಾನು ಫೋಟೋ ನೋಡುತ್ತಾ, ಸಾಕು ಎಂದೆ. ಅನ್ಸರ್ ಬಂದು ಮತ್ತೊಮ್ಮೆ ಹೋಲಿಸಿದ. ನನ್ನ ಮಾತಿನ ಮೇಲೆ ಬಿಡಲಿಲ್ಲ, ಸರಿಯೇ ಮಾಡಿದ. ಆಮೇಲೆ ರೇಣುಕಾ ಪ್ಯಾಡ್ ಕೆಳಗಿಟ್ಟರು, ಅವರ ಪಟ್ಟಿಯನ್ನು ವಿನ್ಸೆಂಟ್ ಅರ್ಧಕ್ಕೆ ಇಳಿಸಿದ. ಗಡಿಯಾರದಲ್ಲಿ ಮೂವತ್ತೆಂಟು ಇತ್ತು. ಹತ್ತೊಂಬತ್ತಕ್ಕೆ ಬರಲಿ ಎಂದು ಇಬ್ಬರೂ ಕೈ ಬಿಟ್ಟು ಕಾದರು. ನೂರಕ್ಕೂ ಹೆಚ್ಚು ಜನ ಸಂಖ್ಯೆ ಇಳಿಯುವುದನ್ನು ನೋಡುತ್ತಾ ನಿಂತೆವು. ಮೂವತ್ತು. ಇಪ್ಪತ್ತೈದು. ಇಪ್ಪತ್ತೆರಡಕ್ಕೆ ಇಬ್ಬರೂ ಪ್ಯಾಡ್ ಕೈಗೆತ್ತಿಕೊಂಡರು.

ಹತ್ತೊಂಬತ್ತು ಎಂದು ಅನ್ಸರ್ ಕೈ ಇಳಿಸಿದ. ಅಂಥ ಆಟವನ್ನು ನಾನು ಮತ್ತೆ ನೋಡಿಲ್ಲ. ರೇಣುಕಾಗೆ ಒಂದು ಏಟು ಸಾಕು. ಸಮಯ ಕಳೆದರೂ ಹೆಚ್ಚು ಬಲ ಉಳಿದಿದ್ದ ಅವರೇ ಗೆಲ್ಲುತ್ತಿದ್ದರು. ವಿನ್ಸೆಂಟ್‌ಗೆ ಒಂದು ಏಟೂ ತಾಗಬಾರದು. ಅವನು ನುಗ್ಗಿದ, ಅವರು ತಡೆದರು. ಅವರು ಒದ್ದರು, ಅವನು ಕೂದಲೆಳೆಯ ಅಂತರದಲ್ಲಿ ಹಿಂದೆ ಸರಿದ. ಹತ್ತು. ಎಂಟು. ರೇಣುಕಾ ಹಾರಿದರು, ಅದೇ ಒದೆ, ಅದೇ ಎತ್ತರ. ವಿನ್ಸೆಂಟ್ ಅದಕ್ಕೇ ಕಾದಿದ್ದವನಂತೆ ಕೆಳಗಿನಿಂದ ಹೊಡೆದ, ಬೀಳುವ ಮೊದಲೇ ಇನ್ನೆರಡು, ಗೋಡೆಗೆ ತಾಗಿ ಮರಳುವಾಗ ಇನ್ನೊಂದು. ಗಡಿಯಾರದಲ್ಲಿ ಎರಡು ಉಳಿದಿತ್ತು. ರೇಣುಕಾ ಅವರ ಪಟ್ಟಿ ಖಾಲಿಯಾಯಿತು.

ಸಭಾಂಗಣದ ಗದ್ದಲ ಕೆಳಗಿನ ರಸ್ತೆಗೂ ಕೇಳಿಸಿರಬೇಕು. ವಿನ್ಸೆಂಟ್ ಗೆದ್ದ, ಪುಣೆಗೆ ಅವನೇ ಹೋದ. ಆಟದಲ್ಲಿ ಅವನದು ಒಂದು ಕೂದಲಿನಷ್ಟೂ ಮೋಸವಿರಲಿಲ್ಲ. ಆದರೆ ಕೈಕುಲುಕುವಾಗ ಅವನೇ ನಿಜ ಹೇಳಿದ. ಆ ಒದೆ ಹತ್ತು ನಿಮಿಷ ಪರದೆ ಮೇಲೆ ಹಾಗೇ ನಿಂತಿತ್ತು ಸಿಸ್ಟರ್, ನೋಡಿ ನೋಡಿ ಬಾಯಿಪಾಠ ಆಗಿಹೋಗಿತ್ತು ಎಂದ. ಪಟ್ಟಿಯನ್ನು ಹಿಂದಿನ ಅಳತೆಗೆ ತಂದೆವು, ಗಡಿಯಾರವನ್ನು ತಂದೆವು. ಆ ಹತ್ತು ನಿಮಿಷವನ್ನು ವಿನ್ಸೆಂಟ್‌ನ ಕಣ್ಣಿನಿಂದ ತೆಗೆಯಲು ಯಾರಿಂದಲೂ ಆಗುವಂತಿರಲಿಲ್ಲ. ಅದನ್ನು ಕೊಟ್ಟವನು ನಾನು.

ರೇಣುಕಾ ವೈರನ್ನು ಪ್ಯಾಡ್‌ಗೆ ಸುತ್ತುತ್ತಿದ್ದರು. ಕ್ಷಮೆ ಕೇಳಿದೆ. ಪ್ಯಾಡ್ ಬ್ಯಾಗಿನಲ್ಲಿ ಎದ್ದದ್ದು ಕೈತಪ್ಪು, ಅದು ಯಾರಿಗೂ ಆಗುತ್ತದೆ ಎಂದರು. ಆಮೇಲೆ, "ನೋಡ್ದೇನೇ ವೈರ್ ಅಂದ್ರಲ್ಲ ಸರ್, ಅದು ಬ್ಯಾನಿ ಆತು" ಎಂದರು.

ಆ ವಾರ ಸಂಘಟಕರಿಗೆ ವರದಿ ಕೊಟ್ಟೆ. ನಿಂತ ಕಾರಣ ಇನ್‌ಸ್ಪೆಕ್ಟರ್‌ನ ಪ್ಯಾಡ್ ಎಂದು ಮೊದಲ ಸಾಲಿನಲ್ಲೇ ಬರೆದೆ. ತಾಂತ್ರಿಕ ಅಡಚಣೆ ಎಂದರೆ ಸಾಲದೇ ಎಂದು ಫೋನ್ ಬಂತು. ಸಾಲದು ಎಂದೆ. ಹೊಸ ಕನ್ಸೋಲ್ ಬಂದಾಗ ವೈರ್ ಕಡ್ಡಾಯ ಮಾಡೋಣವೇ ಎಂದೂ ಕೇಳಿದ್ದರು. ವೇಗದ ಮಟ್ಟಿಗೆ ವೈರ್‌ಲೆಸ್ ಸಾಕಷ್ಟು ಚೆನ್ನಾಗಿದೆ. ಹೊಸ ಯಂತ್ರದಿಂದ ನಾವು ಬಯಸಬೇಕಾದದ್ದು, ಪ್ಯಾಡ್‌ನ ವೈರ್‌ಲೆಸ್ ರೇಡಿಯೋವನ್ನೇ ಆರಿಸುವ ಒಂದು ಸ್ವಿಚ್, ಮತ್ತು ಚುಚ್ಚಿದರೆ ಬರೀ ಚಾರ್ಜ್ ಮಾಡದೆ ಸಿಗ್ನಲ್ಲನ್ನೂ ಹೊರುವ ವೈರ್ ಎಂದು ಬರೆದೆ. ವೈರ್ ಇದ್ದರೆ ಯಾವ ಗುಂಡಿ ಯಾರ ಕೈಯಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಸಭಾಂಗಣದಲ್ಲಿ ಅದು ವೇಗಕ್ಕಿಂತ ದೊಡ್ಡದು.

ಮರುವರ್ಷ ಇಂದಿರಾನಗರದಲ್ಲಿ ಪಂದ್ಯಾವಳಿ ನಡೆಯಿತು. ನನ್ನನ್ನು ಮತ್ತೆ ಕರೆದರು, ಕರೆಯುತ್ತಾರೆ ಎಂದುಕೊಂಡಿರಲಿಲ್ಲ. ತಪಾಸಣೆಯ ಸಾಲಿನಲ್ಲಿ ಏಳನೆಯವರಾಗಿ ರೇಣುಕಾ ಬಂದರು. ನಾನು ಕೈ ಚಾಚಿದೆ. ಅವರು ಪ್ಯಾಡ್ ಕೊಡಲಿಲ್ಲ.

"ಮೊದ್ಲ ನಿಮ್ದು ತೋರಸ್ರಿ ಸರ್."

ಸಾಲಿನಲ್ಲಿದ್ದವರು ನಕ್ಕರು. ರೇಣುಕಾ ನಗಲಿಲ್ಲ. ನಾನು ಬ್ಯಾಗನ್ನು ಮೇಜಿನ ಮೇಲೆ ಸುರಿದೆ. ಅವರು ಒಂದೊಂದನ್ನೇ ಸರಿಸಿ ನೋಡಿ, ಸರಿ ಎಂದು ತಲೆಯಾಡಿಸಿದರು. ಆಮೇಲೆ ನಾನು ಅವರ ಪ್ಯಾಡ್ ತೆಗೆದುಕೊಂಡು, ನಾಲ್ಕು ಎಳೆಗೂ ಮೀಟರ್ ಹಿಡಿದು, ನಾಲ್ಕನೆಯದು ಮುಗಿಯುವವರೆಗೆ ಬಾಯಿ ತೆರೆಯಲಿಲ್ಲ.